ಉಳಿದ ಹತ್ತು ವರ್ಷ ಭಾನುವಾರಗಳಲ್ಲಿ ಮುಗಿಯುತ್ತದೆಯೇ?



ಹೋದ ತಿಂಗಳು ಒಂದು ದಿನ ನಮ್ಮ ಕನ್ನಡ ಕಾರ್ಯಕ್ರಮ ಮುಗಿಸಿ ಹೆಡ್‌ಫೋನ್ ತೆಗೆದಿಡುವಷ್ಟರಲ್ಲಿ ಸ್ಟುಡಿಯೋಗೆ ಫೋನ್ ಬಂತು. ಡೊಂಬಿವಲಿಯ ಒಬ್ಬ ತಾಯಿ, ನಮ್ಮ ಹಳೆಯ ಕೇಳುಗರು. ಯಾವಾಗಲೂ ಹಾಡು ಹಾಕಿ ಅಂತ ಕೇಳುವವರು ಅವತ್ತು ಹಾಡಿನ ಮಾತೇ ಎತ್ತಲಿಲ್ಲ. "ನೀವು ಓದಿಕೊಂಡವರು, ನನಗೊಂದು ವಿಷಯ ತಿಳಿಸಿಕೊಡಿ" ಅಂದರು.

ವಿಷಯ ಇಷ್ಟು. ಅವರ ಅಳಿಯ ಸೇನೆಯಲ್ಲಿ ಶಾರ್ಟ್ ಸರ್ವಿಸ್ ಕಮಿಷನ್ ಅಧಿಕಾರಿಯಾಗಿ 10 ವರ್ಷ ಇದ್ದು ಹೊರಬಂದಿದ್ದಾರೆ. ವಯಸ್ಸು 35. ಈಗ ಪವಾಯಿಯ ಒಂದು ಕಂಪನಿಯಲ್ಲಿ ಕೆಲಸ. ಸೇನೆಯಿಂದ ಪಿಂಚಣಿ ಇಲ್ಲ. ಇತ್ತ ಆ ತಾಯಿಯ ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿನ ನ್ಯಾಷನಲ್ ಗಾರ್ಡ್‌ನಲ್ಲಿ ತಿಂಗಳಿಗೊಂದು ಶನಿವಾರ-ಭಾನುವಾರ ಸಮವಸ್ತ್ರ ಹಾಕಿಕೊಂಡು ಹೋಗಿ ಬರುತ್ತಾನಂತೆ. 20 ವರ್ಷ ತುಂಬಿದರೆ ಪಿಂಚಣಿ ಗ್ಯಾರಂಟಿ ಅಂತಾನಂತೆ. "ನಮ್ಮಲ್ಲೂ ಟೆರಿಟೋರಿಯಲ್ ಆರ್ಮಿ ಇದೆಯಲ್ಲ, ಉಳಿದ ಹತ್ತು ವರ್ಷ ಹಾಗೇ ರಜೆಯಲ್ಲಿ ಮುಗಿಸಿಬಿಡ್ತೀನಿ ಅಂತ ಅಳಿಯಂದಿರು ಹೇಳ್ತಾರೆ. ಆ ಪಿಂಚಣಿ ನಂಬಿಕೊಂಡು ದೊಡ್ಡ ಫ್ಲಾಟಿಗೆ ಮುಂಗಡ ಕೊಡೋಕೆ ಹೊರಟಿದ್ದಾರೆ. ಇದು ನಿಜವಾ?"

ನಾನು ಕನ್ನಡ ಬಿ.ಎ. ಓದಿದವನು. ಸೇನೆಯ ಬಗ್ಗೆ ನನಗಿದ್ದ ಜ್ಞಾನ ಗಣರಾಜ್ಯೋತ್ಸವದ ಪರೇಡಿನಷ್ಟೇ. ಆದರೂ ಫ್ಲಾಟಿನ ಮುಂಗಡದ ಪ್ರಶ್ನೆ ಅಂದಮೇಲೆ ಸುಮ್ಮನಿರಲು ಮನಸ್ಸಾಗಲಿಲ್ಲ. ನಿಯಮ, ಪ್ರಕಟಣೆಗಳನ್ನು ಹುಡುಕಿ ಓದಿದೆ. ಇಂಥ ಅಳಿಯ, ಮಗ, ತಮ್ಮ ನಿಮ್ಮ ಮನೆಯಲ್ಲೂ ಇರಬಹುದು. ಅದಕ್ಕೇ ಉತ್ತರವನ್ನು ಈ ಪುಟದಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಅಕ್ಕನ ಮಗ ಹೇಳಿದ್ದು ನಿಜ. ಡೊಂಬಿವಲಿಯ ಅಳಿಯ ಅಂದುಕೊಂಡಿದ್ದು ತಪ್ಪು. ಎರಡೂ ಕಡೆ "20 ವರ್ಷ" ಎಂದೇ ಬರೆದಿದೆ. ಆದರೆ "ಒಂದು ವರ್ಷ" ಎಂದರೆ ಏನು ಎನ್ನುವ ಲೆಕ್ಕವೇ ಬೇರೆ ಬೇರೆ!

ಹತ್ತು ವರ್ಷ ದುಡಿದರೂ ಪಿಂಚಣಿ ಯಾಕಿಲ್ಲ?

ಮೊದಲು ನಮ್ಮ ಸೇನೆಯ ಕಟ್ಟುಪಾಡು ನೋಡೋಣ. ಅಧಿಕಾರಿಗಳಿಗೆ ಸೇವಾ ಪಿಂಚಣಿ ಸಿಗಬೇಕಾದರೆ ಸಾಮಾನ್ಯವಾಗಿ 20 ವರ್ಷದ ಸೇವೆ ಬೇಕು. ಜವಾನರಿಗೆ 15 ವರ್ಷ. ಶಾರ್ಟ್ ಸರ್ವಿಸ್ ಅಧಿಕಾರಿಯ ಅವಧಿ 10 ವರ್ಷ, ಬೇಕೆಂದರೆ ಇನ್ನೂ 4 ವರ್ಷ ಮುಂದುವರಿಸಬಹುದು. ಒಟ್ಟು 14. ಅಂದರೆ ಅದು 20ನ್ನು ಮುಟ್ಟದ ಹಾಗೆಯೇ ಮಾಡಿದ ಏರ್ಪಾಟು. ಹೊರಡುವಾಗ ಗ್ರಾಚ್ಯುಟಿ ಕೈಗೆ ಬರುತ್ತದೆ, ತಿಂಗಳ ಪಿಂಚಣಿ ಬರುವುದಿಲ್ಲ.

2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಈ ಅವಧಿ ಇನ್ನೂ ಚಿಕ್ಕದು. ಅಗ್ನಿವೀರರಿಗೆ 4 ವರ್ಷ. ಕೊನೆಗೆ ಸೇವಾ ನಿಧಿ ಎಂಬ ಇಡಿಗಂಟು ಸಿಗುತ್ತದೆ, ಪಿಂಚಣಿ ಇಲ್ಲ. ಆ 4 ವರ್ಷ ಮುಂದಿನ ಪಿಂಚಣಿಯ ಲೆಕ್ಕಕ್ಕೂ ಬರುವುದಿಲ್ಲ. ಹಾಗಾಗಿ "ಉಳಿದದ್ದನ್ನು ಬೇರೆಲ್ಲಾದರೂ ಸೇರಿಸಿಕೊಳ್ಳಬಹುದೇ" ಎಂಬ ಪ್ರಶ್ನೆ ಇನ್ನು ಮುಂದೆ ಹೆಚ್ಚು ಮನೆಗಳಲ್ಲಿ ಕೇಳಿಬರಲಿದೆ.

ಅಮೆರಿಕದ ಲೆಕ್ಕ: ವರ್ಷಕ್ಕೆ 50 ಅಂಕ

ಈಗ ಅಕ್ಕನ ಮಗನ ಕಥೆ. ಅಮೆರಿಕದಲ್ಲಿ ಪೂರ್ಣಾವಧಿ ಸೇನೆಯ ಜೊತೆಗೆ ಆರ್ಮಿ ರಿಸರ್ವ್, ನೇವಿ ರಿಸರ್ವ್, ರಾಜ್ಯಗಳ ನ್ಯಾಷನಲ್ ಗಾರ್ಡ್ ಮುಂತಾದ ಅರೆಕಾಲಿಕ ಪಡೆಗಳಿವೆ. ಪೂರ್ಣಾವಧಿಯಲ್ಲಿ ಆರೋ ಎಂಟೋ ವರ್ಷ ಕಳೆದು ಹೊರಬಂದವರು ಇವುಗಳಲ್ಲಿ ಸೇರಿಕೊಂಡು ಉಳಿದ ವರ್ಷಗಳನ್ನು ತುಂಬಿಸಿಕೊಳ್ಳುವುದು ಅಲ್ಲಿ ಮಾಮೂಲಿ.

ಅಲ್ಲಿ ಲೆಕ್ಕ ಅಂಕಗಳಲ್ಲಿ. ಪೂರ್ಣಾವಧಿ ಕರ್ತವ್ಯದ ಒಂದು ದಿನಕ್ಕೆ 1 ಅಂಕ. ತಿಂಗಳಿಗೊಮ್ಮೆ ಶನಿವಾರ-ಭಾನುವಾರದ ಕವಾಯತಿಗೆ 4 ಅಂಕ, ಏಕೆಂದರೆ ಒಂದು ದಿನವನ್ನು ಎರಡು ಪಾಳಿಯಾಗಿ ಎಣಿಸುತ್ತಾರೆ. ಸದಸ್ಯನಾಗಿ ಇದ್ದದ್ದಕ್ಕೇ ವರ್ಷಕ್ಕೆ 15 ಅಂಕ. ಕೂಡಿಸಿ ನೋಡಿ. 12 ವಾರಾಂತ್ಯಕ್ಕೆ 48, ವರ್ಷಕ್ಕೊಮ್ಮೆ 15 ದಿನದ ಶಿಬಿರಕ್ಕೆ 15, ಸದಸ್ಯತ್ವಕ್ಕೆ 15. ಒಟ್ಟು 78.

ಒಂದು ವರ್ಷದಲ್ಲಿ 50 ಅಂಕ ದಾಟಿದರೆ ಆ ವರ್ಷ ಪಿಂಚಣಿಯ ಅರ್ಹತೆಗೆ ಪೂರ್ತಿ ವರ್ಷ. ಅವರ ಬಾಯಲ್ಲಿ ಅದು "ಗುಡ್ ಇಯರ್". ಇಂಥ 20 ಗುಡ್ ಇಯರ್ ತುಂಬಿದರೆ ಪಿಂಚಣಿಗೆ ಅರ್ಹ. 49 ಅಂಕ ಬಂದರೆ? ಅಂಕಗಳು ಖಾತೆಯಲ್ಲಿ ಉಳಿಯುತ್ತವೆ, ಆದರೆ ಆ ವರ್ಷ 20ರ ಲೆಕ್ಕಕ್ಕೆ ಸೇರುವುದಿಲ್ಲ!

ಆದರೆ ಇದೂ ಪುಕ್ಕಟೆಯಲ್ಲ. ಎರಡು ವಿಷಯ ಗಮನಿಸಿ. ಒಂದು, ಅರ್ಹತೆ ಬೇರೆ, ಮೊತ್ತ ಬೇರೆ. ಮೊತ್ತ ನಿಗದಿಯಾಗುವುದು ಒಟ್ಟು ಅಂಕಗಳಿಂದ. ಒಬ್ಬಾತ 6 ವರ್ಷ ಪೂರ್ಣಾವಧಿ ದುಡಿದು ಸುಮಾರು 2190 ಅಂಕ ಗಳಿಸಿದ, ಮುಂದೆ 14 ವರ್ಷ ಗಾರ್ಡ್‌ನಲ್ಲಿ 78ರಂತೆ 1092 ಗಳಿಸಿದ ಅಂತಿಟ್ಟುಕೊಳ್ಳಿ. ಒಟ್ಟು 3282. ಇದನ್ನು 360ರಿಂದ ಭಾಗಿಸಿದರೆ ಸುಮಾರು 9 ವರ್ಷ. 2018ಕ್ಕೆ ಮುಂಚೆ ಸೇರಿ ಹಳೆಯ ಪದ್ಧತಿಯಲ್ಲೇ ಉಳಿದವರಿಗೆ ವರ್ಷಕ್ಕೆ ಶೇಕಡಾ ಎರಡೂವರೆಯಂತೆ ಲೆಕ್ಕ. ಅಂದರೆ ಮೂಲ ವೇತನದ ಶೇಕಡಾ 23ರ ಆಸುಪಾಸು. ಅದೇ ಪೂರ್ಣಾವಧಿಯಲ್ಲಿ 20 ವರ್ಷ ದುಡಿದವನಿಗೆ ಶೇಕಡಾ 50. 2018ರಿಂದ ಸೇರಿದವರಿಗೆ ಈ ದರ ವರ್ಷಕ್ಕೆ ಶೇಕಡಾ 2, ಜೊತೆಗೆ ಉಳಿತಾಯ ಖಾತೆಗೆ ಸರ್ಕಾರದ ಪಾಲು.

ಎರಡನೆಯದು, ಕಾಯುವಿಕೆ. ಪೂರ್ಣಾವಧಿಯವನಿಗೆ ನಿವೃತ್ತಿಯಾದ ಕೂಡಲೇ ಪಿಂಚಣಿ ಶುರು. ಅರೆಕಾಲಿಕನಿಗೆ ಸಾಮಾನ್ಯವಾಗಿ 60 ತುಂಬಬೇಕು. 2008ರ ಜನವರಿ 28ರ ನಂತರ ಪೂರ್ಣಾವಧಿ ಕರ್ತವ್ಯಕ್ಕೆ ಕರೆಸಿಕೊಂಡಿದ್ದರೆ ಪ್ರತಿ 90 ದಿನಕ್ಕೆ 3 ತಿಂಗಳಂತೆ ಈ ವಯಸ್ಸು ಕಡಿಮೆಯಾಗುತ್ತದೆ, ಆದರೂ 50ಕ್ಕಿಂತ ಕೆಳಗೆ ಇಳಿಯುವುದಿಲ್ಲ. 42ಕ್ಕೇ 20 ವರ್ಷ ಮುಗಿಸಿದವನು ಮುಂದಿನ ಹದಿನೆಂಟು ವರ್ಷ ಬೇರೆ ಸಂಬಳದಲ್ಲೇ ಬದುಕಬೇಕು.

ಅಂತೂ ಒಂದು ಮಾತು ಸ್ಪಷ್ಟ. ಅಲ್ಲಿ ಅರೆಕಾಲಿಕ ವರ್ಷವನ್ನು ಪೂರ್ತಿ ವರ್ಷ ಎಂದು ಒಪ್ಪುವ ಕಾನೂನಿದೆ. ವಾರಾಂತ್ಯಕ್ಕೆ ತಪ್ಪದೆ ಹೋಗುವವನ ಕೈಯಲ್ಲೇ ಅವನ ಪಿಂಚಣಿಯ ಅರ್ಹತೆ ಇದೆ.

ನಮ್ಮ ಟೆರಿಟೋರಿಯಲ್ ಆರ್ಮಿ

ಈಗ ನಮ್ಮ ದೇಶಕ್ಕೆ ಬರೋಣ. ಟೆರಿಟೋರಿಯಲ್ ಆರ್ಮಿ, ಕನ್ನಡದಲ್ಲಿ ಪ್ರಾದೇಶಿಕ ಸೇನೆ, 1948ರ ಕಾಯ್ದೆಯಿಂದ ಹುಟ್ಟಿದ್ದು. 1949ರ ಅಕ್ಟೋಬರ್ 9ರಂದು ಆಗಿನ ಗವರ್ನರ್ ಜನರಲ್ ರಾಜಾಜಿಯವರು ಇದನ್ನು ಉದ್ಘಾಟಿಸಿದರು. ಈಗಲೂ ಅಕ್ಟೋಬರ್ 9 ಆ ಸೇನೆಯ ದಿನಾಚರಣೆ. 1962, 1965, 1971ರ ಯುದ್ಧಗಳಲ್ಲಿ ಅದರ ತುಕಡಿಗಳು ದುಡಿದಿವೆ. ನಮ್ಮ ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟಿಗೆ ಸೇರಿದ 115ನೇ ಬೆಟಾಲಿಯನ್ ಇದೆ. ಬೆಂಗಳೂರಿನಲ್ಲಿ ಪ್ಯಾರಾಚೂಟ್ ರೆಜಿಮೆಂಟಿನ 106ನೇ ಬೆಟಾಲಿಯನ್ ಇದೆ. ಕ್ರಿಕೆಟಿಗ ಧೋನಿ 2019ರಲ್ಲಿ ಕಾಶ್ಮೀರಕ್ಕೆ ಹೋದದ್ದು ಇದೇ 106ರ ಜೊತೆ. ಅವರದು 2011ರಲ್ಲಿ ಕೊಟ್ಟ ಗೌರವ ಪದವಿ. ನಾವು ಮಾತನಾಡುತ್ತಿರುವುದು ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ ಎಲ್ಲ ದಾಟಿ ಸೇರುವವರ ಬಗ್ಗೆ.

ಅಧಿಕಾರಿಯಾಗಿ ಸೇರಲು ವಯಸ್ಸು 18ರಿಂದ 42. ಪದವಿ ಬೇಕು. ಜೊತೆಗೆ ಇನ್ನೊಂದು ಷರತ್ತು ಇದೆ, ಇಡೀ ವಿಷಯದ ಬೀಗದ ಕೈ ಅದೇ. ಅಭ್ಯರ್ಥಿಗೆ ಈಗಾಗಲೇ ಒಂದು ಉದ್ಯೋಗ ಅಥವಾ ದುಡಿಮೆ ಇರಬೇಕು! ಮಾಜಿ ಸೇನಾಧಿಕಾರಿಗಳಿಗೂ ಪ್ರವೇಶವಿದೆ. ಮೊದಲ ವರ್ಷ ಒಂದು ತಿಂಗಳ ಆರಂಭಿಕ ತರಬೇತಿ, ಆಮೇಲೆ ಪ್ರತಿ ವರ್ಷ ಎರಡು ತಿಂಗಳ ಶಿಬಿರ. ನಾಗರಿಕರಾಗಿ ಸೇರಿದವರಿಗೆ ಮೊದಲ ಎರಡು ವರ್ಷದೊಳಗೆ ಡೆಹ್ರಾಡೂನಿನ ಸೇನಾ ಅಕಾಡೆಮಿಯಲ್ಲಿ ಮೂರು ತಿಂಗಳ ತರಬೇತಿ.

ಕೆಲಸ ಇದ್ದವರನ್ನೇ ಯಾಕೆ ಆರಿಸುತ್ತಾರೆ? ಯಾಕೆಂದರೆ ಇದು ನಾಗರಿಕರ ಸೇನೆ. ಹೊಟ್ಟೆಪಾಡಿಗೆ ನಿಮಗೆ ಬೇರೆ ದಾರಿ ಇದೆ, ದೇಶಕ್ಕೆ ಬೇಕಾದಾಗ ಬಂದು ನಿಲ್ಲುತ್ತೀರಿ ಎಂಬುದು ಇದರ ಮೂಲ ಕಲ್ಪನೆ. ಬೇರೆ ಜೀವನೋಪಾಯ ಇದೆ ಎಂದು ಮೊದಲೇ ಭಾವಿಸಿಕೊಂಡ ವ್ಯವಸ್ಥೆ ನಿಮ್ಮ ಮುಪ್ಪಿನ ಹೊಣೆಯನ್ನು ತಾನಾಗಿ ಹೊತ್ತುಕೊಳ್ಳುವುದಿಲ್ಲ. ಇದನ್ನು ಯಾರೂ ಮುಚ್ಚಿಟ್ಟಿಲ್ಲ. ಅಧಿಕಾರಿಗಳ ನೇಮಕಾತಿ ಪ್ರಕಟಣೆಯಲ್ಲೇ ಬರೆದಿರುತ್ತಾರೆ: ಇದು ಪೂರ್ಣಾವಧಿ ವೃತ್ತಿ ಅಲ್ಲ, ಸೇರಿದ ಮಾತ್ರಕ್ಕೆ ಪಿಂಚಣಿಯ ಭರವಸೆ ಇಲ್ಲ, ಸೇನೆಯ ಅಗತ್ಯಕ್ಕೆ ತಕ್ಕಂತೆ ಸಿಗುವ ಎಂಬಾಡಿಡ್ ಸೇವೆಯ ಮೇಲೆ ಅದು ನಿಂತಿದೆ ಅಂತ. ಆದರೆ ನಾವು ಪ್ರಕಟಣೆಯಲ್ಲಿ ಸಮವಸ್ತ್ರದ ಫೋಟೋ ನೋಡುತ್ತೇವೆ, ಸಣ್ಣ ಅಕ್ಷರ ಓದುವುದಿಲ್ಲ.

"ಎಂಬಾಡಿಡ್" ಅಂದರೆ ಏನು?

ಈ ಒಂದು ಪದ ಅರ್ಥವಾದರೆ ಉಳಿದದ್ದೆಲ್ಲ ಸುಲಭ. ತುಕಡಿಯನ್ನು ಅಧಿಕೃತ ಆದೇಶದ ಮೂಲಕ ಕರ್ತವ್ಯಕ್ಕೆ ಕರೆಸಿಕೊಂಡು, ಮನೆಗೆ ಕಳಿಸುವ ತನಕದ ಅವಧಿಯೇ ಎಂಬಾಡಿಡ್ ಸೇವೆ. ಆ ಅವಧಿಯಲ್ಲಿ ನಿಯಮಿತ ಸೇನೆಯ ಅಧಿಕಾರಿಯ ಸಂಬಳ, ಭತ್ಯೆ, ಶಿಸ್ತು ಎಲ್ಲ ಅನ್ವಯ. ಮನೆಗೆ ಬಂದಮೇಲೆ ನೀವು ಮತ್ತೆ ಕಂಪನಿಯ ನೌಕರ, ಅಂಗಡಿಯ ಮಾಲೀಕ, ಕಾಲೇಜಿನ ಮೇಷ್ಟ್ರು.

ಟೆರಿಟೋರಿಯಲ್ ಆರ್ಮಿಯಲ್ಲಿ ಪಿಂಚಣಿ ಇಲ್ಲವೇ ಇಲ್ಲ ಅನ್ನುವುದೂ ತಪ್ಪು. ಇದೆ. ಅಧಿಕಾರಿಗೆ ಒಟ್ಟು 20 ವರ್ಷ, ಜವಾನರಿಗೆ ಮತ್ತು ಜೆಸಿಓಗಳಿಗೆ ಒಟ್ಟು 15 ವರ್ಷ ಬೇಕು. ಆದರೆ ಅದು ಸದಸ್ಯತ್ವದ 20 ವರ್ಷ ಅಲ್ಲ, ಎಂಬಾಡಿಡ್ ಸೇವೆಯ 20 ವರ್ಷ.

ಈಗ ಕಾಗದ ಪೆನ್ನು ತಗೊಳ್ಳಿ. ವರ್ಷಕ್ಕೆ ಎರಡು ತಿಂಗಳ ಶಿಬಿರ ಅಂದರೆ 60 ದಿನ. ಆ ದಿನಗಳನ್ನೆಲ್ಲ ಲೆಕ್ಕಕ್ಕೆ ಹಿಡಿದರೂ 20 ವರ್ಷಕ್ಕೆ 1200 ದಿನ, ಅಂದರೆ ಮೂರು ವರ್ಷ ಮೂರೂವರೆ ತಿಂಗಳು. 20 ವರ್ಷದ ಎಂಬಾಡಿಡ್ ಸೇವೆಗೆ 7300 ದಿನ ಬೇಕು. ಶಿಬಿರಗಳಿಂದಲೇ ಅದನ್ನು ತುಂಬಿಸಲು ಹೊರಟರೆ 121 ವರ್ಷಕ್ಕೂ ಹೆಚ್ಚು!

ನಮ್ಮ ಅಳಿಯಂದಿರಿಗೆ ಇನ್ನೂ ಉದಾರವಾಗಿ ಲೆಕ್ಕ ಹಾಕೋಣ. ಅವರ ಹಿಂದಿನ 10 ವರ್ಷಗಳನ್ನು ಪೂರ್ತಿಯಾಗಿ ಸೇರಿಸಿಕೊಟ್ಟರು ಅಂತಲೇ ಇಟ್ಟುಕೊಳ್ಳಿ. ಉಳಿದ 10 ವರ್ಷ ಅಂದರೆ 3650 ದಿನ. ವರ್ಷಕ್ಕೆ 60ರಂತೆ ಸುಮಾರು 61 ವರ್ಷ. ಈಗ 35. ಮುಗಿಯುವ ಹೊತ್ತಿಗೆ 96. ಈ ಲೆಕ್ಕ ಹೇಳಿದಾಗ ಡೊಂಬಿವಲಿಯ ತಾಯಿ ಫೋನಿನಲ್ಲಿ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕರೆ ಬಂದರೆ?

"ಹಾಗಾದರೆ ಅಲ್ಲಿ ಪಿಂಚಣಿ ಪಡೆದವರು ಯಾರೂ ಇಲ್ಲವೇ?" ಅಂತ ನೀವು ಕೇಳಬಹುದು. ಇದ್ದಾರೆ. ಶಿಬಿರದ ಹೊರತಾಗಿ ತುಕಡಿಗಳನ್ನು ದೀರ್ಘಕಾಲ ಕರ್ತವ್ಯಕ್ಕೆ ಕರೆಸಿಕೊಳ್ಳುವುದುಂಟು. ಗಡಿ ರಾಜ್ಯಗಳಲ್ಲಿ, ಮರ ನೆಡುವ ಪರಿಸರ ಬೆಟಾಲಿಯನ್ನುಗಳಲ್ಲಿ ವರ್ಷಗಟ್ಟಲೆ ದುಡಿದವರಿದ್ದಾರೆ. ಆ ದಿನಗಳು ಒಂದೊಂದೂ ಲೆಕ್ಕಕ್ಕೆ ಬರುತ್ತವೆ.

ಹೊಸ ಉದಾಹರಣೆ ಬೇಕಾದರೆ 2025ರ ಮೇ ತಿಂಗಳದ್ದಿದೆ. ಟೆರಿಟೋರಿಯಲ್ ಆರ್ಮಿಯನ್ನು ಕರ್ತವ್ಯಕ್ಕೆ ಕರೆಸಿಕೊಳ್ಳುವ ಅಧಿಕಾರವನ್ನು ಕೇಂದ್ರ ಸರ್ಕಾರ ಸೇನಾ ಮುಖ್ಯಸ್ಥರಿಗೆ ಕೊಟ್ಟಿತು. 32 ಪದಾತಿ ಬೆಟಾಲಿಯನ್ನುಗಳ ಪೈಕಿ 14ನ್ನು ದೇಶದ ಬೇರೆ ಬೇರೆ ಕಮಾಂಡ್‌ಗಳಲ್ಲಿ ನಿಯೋಜಿಸುವ ಆದೇಶ ಅದು. ಅವಧಿ 2025ರ ಫೆಬ್ರವರಿ 10ರಿಂದ 2028ರ ಫೆಬ್ರವರಿ 9ರವರೆಗೆ. ಬಜೆಟ್ಟಿನಲ್ಲಿ ಹಣ ಒದಗಿದರೆ ಮಾತ್ರ ಎಂಬ ಮಾತೂ ಅದೇ ಆದೇಶದಲ್ಲಿದೆ.

ಇದರ ಅರ್ಥ ನೋಡಿ. ಆ 14ರಲ್ಲಿ ನಿಮ್ಮ ಬೆಟಾಲಿಯನ್ ಇದ್ದರೆ ಹೆಚ್ಚೆಂದರೆ ಮೂರು ವರ್ಷ ಖಾತೆಗೆ ಬೀಳಬಹುದು. ಉಳಿದ 18ರಲ್ಲಿ ಇದ್ದರೆ ಆ ಆದೇಶದಿಂದ ಏನೂ ಇಲ್ಲ. ಅಮೆರಿಕದಲ್ಲಿ ಸೈನಿಕ ತಾನೇ ವಾರಾಂತ್ಯಗಳಿಗೆ ಹೋಗಿ ವರ್ಷ ತುಂಬಿಸಿಕೊಳ್ಳುತ್ತಾನೆ. ನಮ್ಮಲ್ಲಿ ವರ್ಷ ತುಂಬಿಸುವುದು ಸರ್ಕಾರದ ಆದೇಶ, ದೇಶದ ಅಗತ್ಯ, ಬಜೆಟ್ಟು. ಅದನ್ನು ನಂಬಿ ಫ್ಲಾಟಿನ ಕಂತು ಕಟ್ಟುವುದು ಹೇಗೆ?

ಇನ್ನೊಂದು ಮಾತು. ಕರೆ ಬಂದಾಗ ಹೋದವರನ್ನು ಕಾನೂನು ಕೈಬಿಟ್ಟಿಲ್ಲ. ಮಿಲಿಟರಿ ಸೇವೆಗೆ ಕರೆಸಿಕೊಂಡ ನೌಕರನನ್ನು ಹಿಂದಿರುಗಿದ ಮೇಲೆ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವ ಬಗ್ಗೆ 1948ರ ಕಾಯ್ದೆಯಲ್ಲೇ ವಿಧಿ ಇದೆ. ಇನ್ನು ಅಂಗವೈಕಲ್ಯದ ವಿಷಯ. ಸೇನೆಯಿಂದ ನಿವೃತ್ತನಾಗಿ 2007ರಲ್ಲಿ ಪರಿಸರ ಬೆಟಾಲಿಯನ್ ಸೇರಿದ್ದ ಒಬ್ಬ ಯೋಧ 2009ರಲ್ಲಿ ರಜೆಯಲ್ಲಿದ್ದಾಗ ಅಪಘಾತವಾಗಿ ಕಾಲು ಕಳೆದುಕೊಂಡರು. ಅಂಗವೈಕಲ್ಯ ಪಿಂಚಣಿ ಸಿಗದೆ ಅವರು ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು. 2021ರ ಡಿಸೆಂಬರಿನಲ್ಲಿ ಕೋರ್ಟು ಅವರಿಗೆ ಪಿಂಚಣಿ ಕೊಡಿಸಿತು. ನ್ಯಾಯ ಸಿಕ್ಕಿತು, ಆದರೆ ಹನ್ನೆರಡು ವರ್ಷದ ಮೇಲೆ.

ನಮ್ಮಲ್ಲೂ ಒಂದು ಕಾಲಕ್ಕೆ ಇತ್ತು

ಕೊಡಗಿನವರೋ ಬೆಳಗಾವಿ ಕಡೆಯವರೋ ಆದ ಕೇಳುಗರು ಇದನ್ನು ಓದಿ, "ನಮ್ಮ ಅಜ್ಜ ಏಳೇ ವರ್ಷ ಪಲ್ಟನ್ನಿನಲ್ಲಿದ್ದು ಪಿಂಚಣಿ ತಗೊಂಡರಲ್ಲ!" ಅನ್ನಬಹುದು. ಅದೂ ನಿಜ. 1960ರ ದಶಕದಲ್ಲಿ ಜವಾನರನ್ನು "ಕಲರ್" ಮತ್ತು "ರಿಸರ್ವ್" ಎಂದು ಎರಡು ಭಾಗದ ಒಪ್ಪಂದದಲ್ಲಿ ಸೇರಿಸಿಕೊಳ್ಳುತ್ತಿದ್ದರು. ಉದಾಹರಣೆಗೆ 7 ವರ್ಷ ಪಲ್ಟನ್ನಿನಲ್ಲಿ, ಮುಂದೆ 8 ವರ್ಷ ಊರಲ್ಲಿ. ಆದರೆ ಯುದ್ಧ ಬಂದರೆ ಹೊರಡಲು ಸಿದ್ಧರಿರಬೇಕು. ಎರಡೂ ಸೇರಿ 15 ವರ್ಷವಾದರೆ ರಿಸರ್ವಿಸ್ಟ್ ಪಿಂಚಣಿ. ಹೊಲದಲ್ಲಿ ಕಳೆದ ವರ್ಷವನ್ನೂ ಸೇವೆ ಎಂದು ಆ ಒಪ್ಪಂದ ಒಪ್ಪಿತ್ತು. ಅಜ್ಜನ ಆ ಕಥೆ ಕೇಳಿ ಬೆಳೆದ ಮೊಮ್ಮಗ ಟೆರಿಟೋರಿಯಲ್ ಆರ್ಮಿಯನ್ನೂ ಹಾಗೇ ಅಂದುಕೊಂಡರೆ ಆಶ್ಚರ್ಯವಿಲ್ಲ. ಎರಡೂ ಒಂದೇ ಅಲ್ಲ, ಅಷ್ಟೆ.

ಡಿ.ಎಸ್.ಸಿ. ಅಂದರೆ ಡಿಫೆನ್ಸ್ ಸೆಕ್ಯುರಿಟಿ ಕೋರ್ ಬಗ್ಗೆಯೂ ಕೆಲವರು ಕೇಳುತ್ತಾರೆ. ನಿವೃತ್ತ ಜವಾನರು ಇದರಲ್ಲಿ ಮತ್ತೆ ಸೇರಿ ರಕ್ಷಣಾ ಇಲಾಖೆಯ ನೆಲೆಗಳನ್ನು ಕಾಯುತ್ತಾರೆ. ಇದರ ಕೇಂದ್ರ ಕೇರಳದ ಕಣ್ಣೂರಿನಲ್ಲಿದೆ. ಮೊದಲ ಪಿಂಚಣಿಯನ್ನು ಉಳಿಸಿಕೊಂಡು ಇಲ್ಲಿ 15 ವರ್ಷ ಮುಗಿಸಿದರೆ ಎರಡನೇ ಪಿಂಚಣಿ ಉಂಟು. ಆದರೆ ಇದು ಪೂರ್ಣಾವಧಿ ನೌಕರಿ. ಭಾನುವಾರದ ಕೆಲಸ ಅಲ್ಲ.

ಹಾಗಾದರೆ ಏನು ಮಾಡಬೇಕು?

ಟೆರಿಟೋರಿಯಲ್ ಆರ್ಮಿಗೆ ಸೇರಬೇಡಿ ಅಂತ ನಾನು ಹೇಳುತ್ತಿಲ್ಲ. ಸಮವಸ್ತ್ರ ಬಿಟ್ಟಮೇಲೂ ಅದರ ಸೆಳೆತ ಬಿಡದವರಿಗೆ, ವರ್ಷಕ್ಕೆ ಎರಡು ತಿಂಗಳು ಕೊಡಬಲ್ಲವರಿಗೆ ಅದು ಗೌರವದ ಸೇವೆ. ಆದರೆ ಸೇರುವ ಮುಂಚೆ ಮನೆಯವರೆಲ್ಲ ಕೂತು ಕೆಲವು ಪ್ರಶ್ನೆ ಕೇಳಿಕೊಳ್ಳಿ. ನನ್ನ ಹಿಂದಿನ ಸೇವೆಯಲ್ಲಿ ಎಷ್ಟು ದಿನ ಇಲ್ಲಿ ಲೆಕ್ಕಕ್ಕೆ ಬರುತ್ತದೆ? ಇದಕ್ಕೆ ಗೆಳೆಯರ ಬಾಯಿಮಾತು ಸಾಲದು, ಲಿಖಿತ ಉತ್ತರ ಪಡೆಯಿರಿ. ಸೇರಲಿರುವ ತುಕಡಿ ಈಗ ಕರ್ತವ್ಯದಲ್ಲಿದೆಯೇ, ಬರೀ ಶಿಬಿರವೇ? ಎರಡು ತಿಂಗಳ ಶಿಬಿರಕ್ಕೆ ನನ್ನ ಕಂಪನಿ ರಜೆ ಕೊಡುತ್ತದೆಯೇ? ಎಂಬಾಡಿಡ್ ಆದ ಪ್ರತಿ ಆದೇಶದ ಪ್ರತಿಯನ್ನು ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಇಪ್ಪತ್ತು ವರ್ಷದ ಮೇಲೆ ದಿನ ಎಣಿಸುವಾಗ ಅದೇ ನಿಮ್ಮ ಸಾಕ್ಷಿ.

ಮುಪ್ಪಿಗೆ ಬೇಕಾದ ಪಿಂಚಣಿಯನ್ನು ಬೇರೆ ಕಡೆ ಕಟ್ಟಿಕೊಳ್ಳಿ. ಭವಿಷ್ಯ ನಿಧಿಯ ಜೊತೆ ಬರುವ 1995ರ ನೌಕರರ ಪಿಂಚಣಿ ಯೋಜನೆಯ ಸದಸ್ಯರಾಗಿದ್ದರೆ 10 ವರ್ಷದ ಸೇವೆಗೆ 58ನೇ ವಯಸ್ಸಿನಿಂದ ಪಿಂಚಣಿ ಉಂಟು. ಮೊತ್ತ ದೊಡ್ಡದಲ್ಲ, ಆದರೆ ಅರ್ಹತೆ ನಿಶ್ಚಿತ. ಎನ್.ಪಿ.ಎಸ್. 2009ರಿಂದ ಎಲ್ಲ ನಾಗರಿಕರಿಗೂ ತೆರೆದಿದೆ. 35ರಲ್ಲಿ ಶುರು ಮಾಡಿದರೆ ಕೈಯಲ್ಲಿ 25 ವರ್ಷ ಇರುತ್ತದೆ. ಟೆರಿಟೋರಿಯಲ್ ಆರ್ಮಿಯ ಪಿಂಚಣಿ ಒಂದು ದಿನ ಬಂದರೆ ಬರಲಿ, ಹಬ್ಬದ ಹೋಳಿಗೆ ಅಂದುಕೊಳ್ಳಿ. ದಿನದ ಅನ್ನಕ್ಕೆ ಅದನ್ನು ನಂಬಬೇಡಿ.

ನಿಮ್ಮ ಮಕ್ಕಳು ಅಮೆರಿಕದ ಪಡೆಗಳಲ್ಲಿದ್ದರೆ ಅವರಿಗೆ ಹೇಳಬೇಕಾದ ಮಾತೇ ಬೇರೆ: "ಮಗಾ, ಈ ವರ್ಷದ ಅಂಕ 50 ದಾಟಿತಾ ನೋಡಿಕೋ."

ಡೊಂಬಿವಲಿಯ ತಾಯಿ ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಅಳಿಯ ಪ್ರಕಟಣೆಯನ್ನು ಕೊನೆಯ ಸಾಲಿನ ತನಕ ಓದಿದರಂತೆ. ದೊಡ್ಡ ಫ್ಲಾಟಿನ ಮಾತು ಸದ್ಯಕ್ಕೆ ನಿಂತಿದೆ. ಅರ್ಜಿ ಮಾತ್ರ ಹಾಕುತ್ತಾರಂತೆ. "ಪಿಂಚಣಿಗಲ್ಲ, ಆ ಬೂಟು ಹಾಕ್ಕೊಂಡರೆ ನನಗೆ ನಿದ್ದೆ ಚೆನ್ನಾಗಿ ಬರುತ್ತೆ ಅಂದರು" ಅಂತ ಹೇಳಿ ನಕ್ಕರು. ಈ ಸಲ ಹಾಡೂ ಕೇಳಿದರು. ಮುಂದಿನ ವಾರ ಹಾಕುತ್ತೇನೆ, ರೇಡಿಯೋ ಹಚ್ಚಿಡಿ.